ಎರಡು ಕಾರು, ಒಂದೇ ಸರದಿ

ಅಂಬಾಸಿಡರ್ ಮೇಲೋ ಫಿಯೆಟ್ ಮೇಲೋ ಎಂಬ ಚರ್ಚೆಯನ್ನು ಭಾರತದ ಮಧ್ಯಮ ವರ್ಗ ಮೂವತ್ತು ವರ್ಷ ಬಿಡದೆ ನಡೆಸಿತು. ಹಾಗೆ ವಾದಿಸಿದವರಲ್ಲಿ ಹೆಚ್ಚಿನವರ ಬಳಿ ಎರಡೂ ಇರಲಿಲ್ಲ ಎಂಬುದು ಬೇರೆ ಮಾತು. ಯಾರು ಯಾವ ಪಕ್ಷ ಎನ್ನುವುದು ಬಹುಮಟ್ಟಿಗೆ ಅವರಿದ್ದ ಊರಿನ ಮೇಲೆ ನಿಂತಿತ್ತು. ಕಲ್ಕತ್ತ, ದಿಲ್ಲಿಗಳಲ್ಲಿ ಬೆಳೆದವರಿಗೆ ಟ್ಯಾಕ್ಸಿ ಎಂದರೆ ಅಂಬಾಸಿಡರ್. ಮುಂಬೈಯಲ್ಲಿ ಬೆಳೆದವರಿಗೆ ಟ್ಯಾಕ್ಸಿ ಎಂದರೆ ಕಪ್ಪು-ಹಳದಿ ಫಿಯೆಟ್. ಮುಂದೆ ಅದರ ಹೆಸರು ಪದ್ಮಿನಿ ಎಂದು ಬದಲಾದರೂ ಜನರ ಬಾಯಲ್ಲಿ ಅದು ಫಿಯೆಟ್ಟಾಗಿಯೇ ಉಳಿಯಿತು. ಮದರಾಸಿನವರಿಗೆ ತಮ್ಮೂರಲ್ಲೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರನೆಯದೊಂದೂ ಇತ್ತು. ಆದರೆ ಸಂಖ್ಯೆಯಲ್ಲಿ ಅದು ಈ ಎರಡರ ಹತ್ತಿರಕ್ಕೂ ಬರಲಿಲ್ಲ.

ಈಗ ಎರಡೂ ತಯಾರಾಗುತ್ತಿಲ್ಲ. ಅವುಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತಣ್ಣಗೆ ನೋಡಬಹುದು. ಹಾಗೆ ನೋಡಿದರೆ ಇವು ನಿಜಕ್ಕೂ ಬೇರೆ ಬೇರೆ ಸ್ವಭಾವದ ಕಾರುಗಳೆಂದು ತಿಳಿಯುತ್ತದೆ. ಅದರ ಜೊತೆಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಇಷ್ಟು ವ್ಯತ್ಯಾಸವಿದ್ದ ಎರಡು ಕಾರುಗಳು ಒಂದೇ ಮಾರುಕಟ್ಟೆಯಲ್ಲಿ ಎದುರುಬದುರು ನಿಂತಿದ್ದರೂ ಮೂರು ದಶಕ ಒಂದನ್ನು ನೋಡಿ ಇನ್ನೊಂದು ಯಾಕೆ ಸುಧಾರಿಸಲಿಲ್ಲ?

ಹುಟ್ಟು

ಎರಡೂ ಕಂಪನಿಗಳು ಸ್ವಾತಂತ್ರ್ಯಕ್ಕೆ ಮೊದಲೇ ಶುರುವಾದವು. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಸ್ಥಾಪನೆಯಾಯಿತು. ಮೊದಲು ಗುಜರಾತಿನ ಓಖಾ ಬಂದರಿನಲ್ಲಿ ಕಾರು ಜೋಡಿಸುತ್ತಿದ್ದ ಕಂಪನಿ ಆಮೇಲೆ ಕಲ್ಕತ್ತದ ಪಕ್ಕದ ಉತ್ತರಪಾರಾಕ್ಕೆ ಬಂತು. ವಾಲಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾದದ್ದು 1944ರಲ್ಲಿ. ಅದರ ಕಾರ್ಖಾನೆ ಬೊಂಬಾಯಿಯ ಕುರ್ಲಾದಲ್ಲಿತ್ತು.

ಪ್ರೀಮಿಯರ್‌ನ ಹಿಂದೆ ಒಂದು ಮೈಸೂರಿನ ಕತೆಯೂ ಇದೆ. ದಿವಾನಗಿರಿಯಿಂದ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವೆ ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಯುರೋಪು, ಅಮೆರಿಕ ಸುತ್ತಿ ಬಂದರು. ಆ ಯೋಜನೆಗೆ ಬೆನ್ನಾಗಿ ನಿಂತ ಉದ್ಯಮಿಗಳಲ್ಲಿ ವಾಲಚಂದ್ ಪ್ರಮುಖರು. ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ಒಲವು ತೋರಿತ್ತು, ಆದರೆ 1939ರಲ್ಲಿ ಅದು ರಾಜೀನಾಮೆ ಕೊಟ್ಟಿತು. ಆಮೇಲೆ ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಮಾಡುವ ಮಾತು ನಡೆಯಿತು. ಭಾರತದ ಬ್ರಿಟಿಷ್ ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಅದೇ ವಾಲಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಯುದ್ಧಕ್ಕೆ ಬೇಕಾದ ವಿಮಾನದ ಕಾರ್ಖಾನೆಗೆ ಒಪ್ಪಿಗೆ ಸಿಕ್ಕಿತು, ಜನರಿಗೆ ಬೇಕಾದ ಕಾರಿನ ಕಾರ್ಖಾನೆಗೆ ಸಿಗಲಿಲ್ಲ. ಮೋಟಾರಿನ ಕನಸು ಕುರ್ಲಾದಲ್ಲಿ ಕೈಗೂಡುವ ಹೊತ್ತಿಗೆ ಇನ್ನೂ ನಾಲ್ಕು ವರ್ಷ ಕಳೆದಿತ್ತು.

ಆದರೆ ಎರಡೂ ಕಾರುಗಳ ವಿನ್ಯಾಸ ಇಲ್ಲಿಯದಲ್ಲ. ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸರಣಿ 3. ಅಲ್ಲಿ 1956ರಲ್ಲಿ ಬಂದ ಈ ಕಾರು 1950ರ ದಶಕ ಮುಗಿಯುವ ಮುನ್ನವೇ ಉತ್ತರಪಾರಾದಲ್ಲಿ ಅಂಬಾಸಿಡರ್ ಹೆಸರಿನಲ್ಲಿ ತಯಾರಾಗತೊಡಗಿತ್ತು. ಫಿಯೆಟ್ 1100-103 ಕಾರನ್ನು ಇಟಲಿಯ ಎಂಜಿನಿಯರ್ ದಾಂತೆ ಜಾಕೋಸಾ ರೂಪಿಸಿದ್ದು, ಅದು 1953ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ಮರುವರ್ಷದಿಂದಲೇ ಕುರ್ಲಾದಲ್ಲಿ ಅದರ ಜೋಡಣೆ ಶುರು. ಗುಂಡುಗುಂಡಗಿದ್ದ ಆ ಮೊದಲ ರೂಪವನ್ನು ಮುಂಬೈ, ಪುಣೆಯ ಹಳಬರು ಇವತ್ತಿಗೂ 'ಡುಕ್ಕರ್ ಫಿಯೆಟ್' ಎನ್ನುತ್ತಾರೆ. ಮರಾಠಿಯ ಡುಕ್ಕರ್ ಎಂದರೆ ಹಂದಿ. ಬೈಗುಳದಂತೆ ಕೇಳಿದರೂ ಅದು ಪ್ರೀತಿಯ ಹೆಸರು. 1964ರಲ್ಲಿ ಚೌಕಾಕಾರದ 'ಡಿಲೈಟ್' ಬಂತು. ಫಿಯೆಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಅದೇ ಕಾರು ಸ್ವಲ್ಪ ಕಾಲ 'ಪ್ರೀಮಿಯರ್ ಪ್ರೆಸಿಡೆಂಟ್' ಆಗಿ, 1974ರಿಂದ 'ಪ್ರೀಮಿಯರ್ ಪದ್ಮಿನಿ' ಆಯಿತು. ಇಟಲಿಯ ಸಂಖ್ಯೆಯೊಂದು ಅಧ್ಯಕ್ಷನ ಪದವಿ ದಾಟಿ ಚಿತ್ತೋಡಿನ ರಾಣಿಯವರೆಗೆ ಬಂತು. ತಗಡಿನ ಅಡಿಯಲ್ಲಿದ್ದ ಎಂಜಿನ್ ಮಾತ್ರ ಹಳೆಯದೇ.

ಬಾನೆಟ್ ಎತ್ತಿದರೆ

ಎರಡರದೂ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಎರಡರದೂ ನಾಲ್ಕು ಗೇರು. ಗೇರಿನ ಕಡ್ಡಿ ನೆಲದಲ್ಲಿರದೆ ಸ್ಟಿಯರಿಂಗ್ ಪಕ್ಕದಲ್ಲಿತ್ತು. ಹಾಗಾಗಿ ಮುಂದಿನ ಸೀಟು ಅಡ್ಡಡ್ಡ ಒಂದೇ ಬೆಂಚು. ಎರಡೂ ಹಿಂದಿನ ಚಕ್ರದಿಂದ ಓಡುವ ಗಾಡಿಗಳು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದೆ ಪಟ್ಟಿಯ ಸ್ಪ್ರಿಂಗು. ಇಷ್ಟು ಸಮಾನ.

ವ್ಯತ್ಯಾಸ ಶುರುವಾಗುವುದು ಸಿಲಿಂಡರಿನ ಒಳಗೆ. ಅಂಬಾಸಿಡರ್ ಮೊದಮೊದಲು ಹಳೆಯ ಕಾಲದ ಸೈಡ್-ವಾಲ್ವ್ ಎಂಜಿನ್ ಇಟ್ಟುಕೊಂಡಿತ್ತು. 1959ರಲ್ಲಿ ಅದಕ್ಕೆ ಬಿಎಂಸಿಯ ಬಿ-ಸರಣಿ ಎಂಜಿನ್ ಬಂತು. ಅದರ ಗಾತ್ರ 1,489 ಸಿಸಿ. ಸಿಲಿಂಡರಿನ ವ್ಯಾಸ 73 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 88.9 ಮಿಲಿಮೀಟರ್. ಫಿಯೆಟ್ ಎಂಜಿನ್ 1,089 ಸಿಸಿ. ವ್ಯಾಸ 68, ಓಡಾಟ 75. ಅಂಬಾಸಿಡರ್‌ನ ಪಿಸ್ಟನ್ ಪ್ರತಿ ಸುತ್ತಿಗೆ ಹೆಚ್ಚು ದೂರ ಹೋಗಿ ಬರಬೇಕು. ನಿಮಿಷಕ್ಕೆ 4,000 ಸುತ್ತಿನಲ್ಲಿ ಲೆಕ್ಕ ಹಾಕಿದರೆ ಅದರ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 11.9 ಮೀಟರ್. ಫಿಯೆಟ್‌ದು ಸರಿಯಾಗಿ 10. ಇದರ ಪರಿಣಾಮ ಚಾಲಕನ ಪಾದಕ್ಕೆ ಗೊತ್ತಾಗುತ್ತದೆ. ಉದ್ದ ಓಡಾಟದ ಎಂಜಿನ್ ಕಡಿಮೆ ಸುತ್ತಿನಲ್ಲೇ ಮೈಬಗ್ಗಿಸಿ ಎಳೆಯುತ್ತದೆ, ವೇಗ ಏರಿಸಿದರೆ ಗೊಣಗುತ್ತದೆ. ಗಿಡ್ಡ ಓಡಾಟದ್ದು ಸುತ್ತು ಏರಿದಂತೆ ಹುರುಪಾಗುತ್ತದೆ, ಆದರೆ ಕೆಳಗಿನ ಸುತ್ತಿನಲ್ಲಿ ಅದಕ್ಕೆ ದಮ್ಮು ಕಡಿಮೆ. ಅಂಬಾಸಿಡರ್ ಓಡಿಸುವವರು ಮೂರನೆಯ ಗೇರಿನಲ್ಲಿ ಹತ್ತುವ ಏರಿಗೆ ಫಿಯೆಟ್‌ನವರು ಎರಡಕ್ಕೆ ಇಳಿಯಬೇಕಾಗುತ್ತಿತ್ತು ಎಂಬ ಮಾತಿನ ಮೂಲ ಇಲ್ಲಿದೆ.

ಶಕ್ತಿಯ ಲೆಕ್ಕಕ್ಕೆ ಬಂದರೆ, ಪದ್ಮಿನಿಯದು 40 ಅಶ್ವಶಕ್ತಿ, ತೂಕ 895 ಕೆಜಿ. ಅಂದರೆ ಟನ್ನಿಗೆ ಸುಮಾರು 45 ಅಶ್ವಶಕ್ತಿ. ಅಂಬಾಸಿಡರ್‌ದು 50ರಿಂದ 55 ಅಶ್ವಶಕ್ತಿ, ತೂಕ 1,100 ಕೆಜಿ ಆಸುಪಾಸು. ಅಂದರೆ ಟನ್ನಿಗೆ 45ರಿಂದ 50. ಖಾಲಿ ಗಾಡಿಯಲ್ಲಿ ಹೆಚ್ಚುಕಡಿಮೆ ಸಮಬಲ. ಗರಿಷ್ಠ ವೇಗವೂ ಹಾಗೆಯೇ. ಎರಡೂ ಗಂಟೆಗೆ 120 ಕಿಲೋಮೀಟರಿನ ಆಚೀಚೆ ನಿಲ್ಲುವ ಗಾಡಿಗಳು, ಅದೂ ರಸ್ತೆ ಉದ್ದಕ್ಕಿದ್ದು ತಾಳ್ಮೆಯೂ ಇದ್ದರೆ.

ಆದರೆ ಭಾರತದಲ್ಲಿ ಖಾಲಿ ಗಾಡಿ ಓಡಿದ್ದೆಷ್ಟು? ಎರಡರಲ್ಲೂ ಆರು ಮಂದಿ ಮತ್ತು ಸಾಮಾನು ಸೇರಿ 400 ಕೆಜಿ ಹೇರಿ ನೋಡಿ. ಅಂಬಾಸಿಡರ್‌ಗೆ 50 ಎಂದೇ ಹಿಡಿದರೂ ಟನ್ನಿಗೆ 33 ಅಶ್ವಶಕ್ತಿ ಉಳಿಯುತ್ತದೆ, ಪದ್ಮಿನಿಗೆ 31. ಇದು ಅಲ್ಪ ವ್ಯತ್ಯಾಸ. ಚಕ್ರವನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ತೆಗೆದುಕೊಂಡರೆ ಚಿತ್ರ ಬೇರೆ. ಅಂಬಾಸಿಡರ್‌ದು ಸುಮಾರು 100 ನ್ಯೂಟನ್ ಮೀಟರ್, ಪದ್ಮಿನಿಯದು 70ರ ಆಸುಪಾಸು. ಭಾರ ಹೇರಿದ ಗಾಡಿಯಲ್ಲಿ ಅದು ಟನ್ನಿಗೆ ಸುಮಾರು 67 ಮತ್ತು 54 ಆಗುತ್ತದೆ. ಮದುವೆಗೆ ಹೊರಟ ಇಡೀ ಮನೆಮಂದಿಯನ್ನು ತುಂಬಿಕೊಂಡು ಘಾಟಿ ಹತ್ತುವ ಕೆಲಸಕ್ಕೆ ಅಂಬಾಸಿಡರ್ ಯಾಕೆ ಹೆಸರುವಾಸಿಯಾಯಿತು ಎಂದು ಈ ಎರಡು ಅಂಕಿ ಹೇಳುತ್ತವೆ.

ದೇಹದ ಅಳತೆಯೂ ಇದೇ ದಾರಿಯಲ್ಲಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಅಂಬಾಸಿಡರ್‌ನಲ್ಲಿ 2,464 ಮಿಲಿಮೀಟರ್, ಪದ್ಮಿನಿಯಲ್ಲಿ 2,340. ಅಗಲದಲ್ಲಿ ಅಂಬಾಸಿಡರ್ ಸುಮಾರು 20 ಸೆಂಟಿಮೀಟರ್ ಹೆಚ್ಚು. ಹಿಂದಿನ ಸೀಟಿನಲ್ಲಿ ಮೂರು ಜನ ಭುಜ ತಾಗಿಸಿಕೊಳ್ಳದೆ ಕೂರುವುದಕ್ಕೂ ಒಬ್ಬರು ಮುಂದೆ ಬಾಗಿ ಕೂರುವುದಕ್ಕೂ ಇರುವ ಅಂತರ ಅಷ್ಟೇ. ಅಂಬಾಸಿಡರ್‌ದು 15 ಇಂಚಿನ ಚಕ್ರ, ಪದ್ಮಿನಿಯದು 14. ಅಂಬಾಸಿಡರ್‌ನ ಮುಂಭಾಗದ ಸಸ್ಪೆನ್ಷನ್‌ನಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ತಿರುಚಿಕೊಂಡು ಮರಳುವ ಉಕ್ಕಿನ ಸರಳು, ಟಾರ್ಷನ್ ಬಾರ್, ಆ ಕೆಲಸ ಮಾಡುತ್ತದೆ. ಗುಂಡಿಯ ರಸ್ತೆಯನ್ನು ಅದು ನುಂಗಿಕೊಳ್ಳುತ್ತಿತ್ತು, ಆದರೆ ಕಾಲಕಾಲಕ್ಕೆ ಗ್ರೀಸು ತಿನ್ನಿಸದಿದ್ದರೆ ಮುನಿಯುತ್ತಿತ್ತು. ಪದ್ಮಿನಿಗೆ ಮುಂದೆ ಸುರುಳಿ ಸ್ಪ್ರಿಂಗು. ತಿರುವಿನಲ್ಲಿ ಅದು ಹೆಚ್ಚು ಚುರುಕು.

ಇನ್ನು ಭಾರತೀಯ ಗಿರಾಕಿಯ ಮೊದಲ ಪ್ರಶ್ನೆ: ಎಷ್ಟು ಕೊಡುತ್ತದೆ? ಅಂಬಾಸಿಡರ್ ಪೆಟ್ರೋಲ್ ಗಾಡಿ ಲೀಟರಿಗೆ ಹತ್ತು ಕಿಲೋಮೀಟರಿನ ಆಸುಪಾಸು. 200 ಕೆಜಿ ಹಗುರವಾದ, 400 ಸಿಸಿ ಚಿಕ್ಕದಾದ ಪದ್ಮಿನಿ ಅದಕ್ಕಿಂತ ಎರಡು ಮೂರು ಕಿಲೋಮೀಟರ್ ಹೆಚ್ಚು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿದಾಗ ಈ ಎರಡು ಮೂರು ಕಿಲೋಮೀಟರ್ ಒಂದು ಟ್ಯಾಕ್ಸಿಯ ದಿನದ ಉಳಿತಾಯವನ್ನೇ ನಿರ್ಧರಿಸುವಂತಾಯಿತು.

ಮುಂಬೈ ಯಾಕೆ ಫಿಯೆಟ್ ಊರಾಯಿತು ಎಂಬುದಕ್ಕೆ ಇದೊಂದು ಕಾರಣ. ಕಾರ್ಖಾನೆ ಕುರ್ಲಾದಲ್ಲೇ ಇದ್ದುದರಿಂದ ಬಿಡಿಭಾಗ ಕೈಗೆ ಸಿಗುತ್ತಿತ್ತು ಎಂಬುದು ಎರಡನೆಯದು. ದಕ್ಷಿಣ ಮುಂಬೈಯೊಳಗೆ ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲ, ಹಾಗಾಗಿ ಅಲ್ಲಿನ ಟ್ಯಾಕ್ಸಿ ಸ್ಟೇಷನ್ನಿನಿಂದ ಆಫೀಸಿಗೆ, ಮಾರುಕಟ್ಟೆಯಿಂದ ಮನೆಗೆ ಎಂದು ಆಟೋದ ಕೆಲಸವನ್ನೂ ಮಾಡಬೇಕಿತ್ತು. ಕಿರಿದಾದ ಗಲ್ಲಿ, ಪದೇಪದೇ ತಿರುವು, ಚಿಕ್ಕ ಚಿಕ್ಕ ದೂರ. ಅದಕ್ಕೆ ಗಿಡ್ಡ, ಸಪೂರ ಗಾಡಿಯೇ ಸರಿ. ದಿಲ್ಲಿಯ ಅಗಲ ರಸ್ತೆಗೂ ಸರ್ಕಾರಿ ಕಚೇರಿಗಳ ಪೋರ್ಟಿಕೋಗೂ ಅಂಬಾಸಿಡರ್ ಒಪ್ಪುತ್ತಿತ್ತು.

ಆಯ್ಕೆಯಿಲ್ಲದ ಸ್ಪರ್ಧೆ

ಇಲ್ಲಿಯವರೆಗಿನ ಹೋಲಿಕೆ ಓದಿದರೆ ಗಿರಾಕಿ ಎರಡೂ ಕಾರನ್ನು ಓಡಿಸಿ ನೋಡಿ, ತನಗೆ ಬೇಕಾದ್ದನ್ನು ಆರಿಸಿಕೊಂಡ ಎಂಬ ಚಿತ್ರ ಮೂಡುತ್ತದೆ. ವಾಸ್ತವ ಹಾಗಿರಲಿಲ್ಲ.

1951ರ ಕೈಗಾರಿಕೆಗಳ ಕಾಯ್ದೆಯ ಪ್ರಕಾರ ಕಾರ್ಖಾನೆ ತೆರೆಯಲೂ ಉತ್ಪಾದನೆ ಹೆಚ್ಚಿಸಲೂ ಸರ್ಕಾರದ ಪರವಾನಗಿ ಬೇಕಿತ್ತು. 1953ರಲ್ಲಿ ಸುಂಕ ಆಯೋಗದ ವರದಿ ಬಂತು. ಬರೀ ಜೋಡಣೆ ಮಾಡುವವರಿಗಲ್ಲ, ಹಂತಹಂತವಾಗಿ ಇಲ್ಲೇ ತಯಾರಿಸಲು ಒಪ್ಪಿದವರಿಗಷ್ಟೇ ಇಲ್ಲಿ ಜಾಗ ಎಂಬ ನೀತಿ ಗಟ್ಟಿಯಾಯಿತು. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಆ ನೀತಿಯ ಉದ್ದೇಶ ತಪ್ಪಲ್ಲ. ಎರಡೂ ಕಾರುಗಳು ಕ್ರಮೇಣ ಬಹುಪಾಲು ದೇಶೀಯ ಭಾಗಗಳಿಂದಲೇ ತಯಾರಾಗತೊಡಗಿದ್ದು, ಬಿಡಿಭಾಗಗಳ ದೊಡ್ಡ ಉದ್ಯಮವೊಂದು ಇಲ್ಲಿ ಬೇರುಬಿಟ್ಟದ್ದು ಅದರಿಂದಲೇ. ಆದರೆ ವಿದೇಶಿ ವಿನಿಮಯದ ಕೊರತೆ, ಪರವಾನಗಿಯ ಮಿತಿ ಎರಡೂ ಸೇರಿ ದೇಶದ ಒಟ್ಟು ಕಾರು ಉತ್ಪಾದನೆ 1970ರ ದಶಕದಲ್ಲೂ ವರ್ಷಕ್ಕೆ ಮೂವತ್ತು ನಲವತ್ತು ಸಾವಿರದ ಸುತ್ತ ನಿಂತುಬಿಟ್ಟಿತು. ಬೇಕು ಎನ್ನುವವರು ಅದಕ್ಕಿಂತ ಎಷ್ಟೋ ಪಟ್ಟು.

ಹಾಗಾಗಿ ಸರದಿ ಹುಟ್ಟಿತು. ಯಾರಿಗೆ ಯಾವ ಕ್ರಮದಲ್ಲಿ ಕಾರು ಕೊಡಬೇಕೆಂದು ನಿಯಂತ್ರಿಸಲು 1959ರಲ್ಲಿ ಸರ್ಕಾರಿ ಆದೇಶವೇ ಹೊರಟಿತು. ಹಣ ಕಟ್ಟಿ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಫಿಯೆಟ್ ಸರದಿ ಅಂಬಾಸಿಡರ್‌ಗಿಂತ ಉದ್ದ. ಸರದಿ ಬಂದವರು ಕಾರನ್ನು ಪಡೆದು, ಕೈಬದಲಿಸಿ, ಹೊಸದರ ಬೆಲೆಗಿಂತ ಹೆಚ್ಚಿಗೆ ಮಾರುವುದು ಸಾಮಾನ್ಯವಾಗಿತ್ತು. ಓಡಿಸಿ ಹಳತಾದ ವಸ್ತು ಹೊಸದಕ್ಕಿಂತ ದುಬಾರಿಯಾಗುವ ವಿಚಿತ್ರ ಮಾರುಕಟ್ಟೆ ಅದು. ಸರ್ಕಾರಿ ಇಲಾಖೆಗಳಿಗೆ ಬೇರೆ ಕೋಟಾ. ಅವುಗಳ ಮೆಚ್ಚಿನ ಗಾಡಿ ಅಂಬಾಸಿಡರ್ ಆದ್ದರಿಂದ ಉತ್ತರಪಾರಾಕ್ಕೆ ಗಿರಾಕಿಯ ಚಿಂತೆಯೇ ಇರಲಿಲ್ಲ.

1969ರಲ್ಲಿ ಸರ್ಕಾರ ಮೂರೂ ಕಂಪನಿಗಳ ಕಾರಿನ ಬೆಲೆಯನ್ನು ಕಾನೂನಿನ ಮೂಲಕ ನಿಗದಿ ಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಒಂದು ಕಾರನ್ನು ಮಾಡಲು ನಿಜವಾಗಿ ಎಷ್ಟು ಖರ್ಚಾಗುತ್ತದೆ, ನ್ಯಾಯವಾದ ಲಾಭ ಎಷ್ಟು ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಕೂತು ಲೆಕ್ಕ ಹಾಕಬೇಕಾಯಿತು. ಎಷ್ಟು ಮಾಡಬೇಕು, ಎಷ್ಟಕ್ಕೆ ಮಾರಬೇಕು ಎರಡನ್ನೂ ಬೇರೆಯವರು ಹೇಳಿದಾಗ, ಒಳ್ಳೆಯ ಬ್ರೇಕ್ ಹಾಕುವುದಕ್ಕೋ ಹೊಸ ಎಂಜಿನ್ ತರುವುದಕ್ಕೋ ಕಾರ್ಖಾನೆ ಯಾಕೆ ದುಡ್ಡು ಸುರಿಯಬೇಕು? ಮಾಡಿದ್ದೆಲ್ಲ ಹೇಗೂ ಖರ್ಚಾಗುತ್ತಿತ್ತು.

ಫಲಿತಾಂಶ ಅಂಕಿಗಳಲ್ಲೇ ಇದೆ. ಮಾರಿಸ್ ಆಕ್ಸ್‌ಫರ್ಡ್ ಸರಣಿ 3 ಇಂಗ್ಲೆಂಡಿನಲ್ಲಿ ಬದುಕಿದ್ದು ಮೂರೇ ವರ್ಷ. ಉತ್ತರಪಾರಾದಲ್ಲಿ ಅದರ ದೇಹ 2014ರವರೆಗೆ ತಯಾರಾಯಿತು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರು ಬದಲಾದಾಗ ಮುಖ್ಯವಾಗಿ ಬದಲಾದದ್ದು ಮುಂದಿನ ಜಾಲರಿ, ದೀಪ, ಡ್ಯಾಷ್‌ಬೋರ್ಡು. 1,489 ಸಿಸಿ ಪೆಟ್ರೋಲ್ ಎಂಜಿನ್ ಮೂರು ದಶಕ ದಾಟಿ ನಡೆಯಿತು. ಇಟಲಿಯಲ್ಲಿ 1100ಡಿ 1966ಕ್ಕೆ ಮುಗಿಯಿತು, ಅಲ್ಲಿ ಅದಕ್ಕೆ 1,221 ಸಿಸಿಯ ದೊಡ್ಡ ಎಂಜಿನ್ ಕೂಡ ಇತ್ತು. ಕುರ್ಲಾದ ಕಾರಿಗೆ ಅದರ ದೇಹ ಬಂತು, ಎಂಜಿನ್ ಬರಲಿಲ್ಲ. 1,089 ಸಿಸಿಯಲ್ಲೇ ಅದು 20ನೆಯ ಶತಮಾನದ ಕೊನೆಯವರೆಗೂ ಓಡಿತು.

ಈ ಅವಧಿಯಲ್ಲಿ ಕಾರುಗಳನ್ನು ಸುಧಾರಿಸಿದವರು ಇಲ್ಲ ಎಂದಲ್ಲ. ಅವರು ಕಾರ್ಖಾನೆಯ ಹೊರಗಿದ್ದರು. ಊರೂರಿನ ಗ್ಯಾರೇಜುಗಳಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವುದನ್ನು ನೋಡಿಯೇ ಕಲಿತ ಒಂದು ತಲೆಮಾರು ಬೆಳೆಯಿತು. ತೇಯ್ದ ಸಿಲಿಂಡರಿಗೆ ಬೋರಿಂಗ್ ಮಾಡಿಸುವುದು, ಸಿಗದ ಭಾಗವನ್ನು ಲೇತ್‌ನಲ್ಲಿ ಕಡೆಸುವುದು, ಪೆಟ್ರೋಲ್ ಎಂಜಿನ್ ತೆಗೆದು ಸಿಕ್ಕ ಡೀಸೆಲ್ ಎಂಜಿನ್ ಕೂರಿಸುವುದು ಎಲ್ಲ ನಡೆಯಿತು. 1980ರ ಹೊತ್ತಿಗೆ ಅಂಬಾಸಿಡರ್ ಕಂಪನಿಯೇ ಡೀಸೆಲ್ ಮಾದರಿ ತಂದಿತು. ಶಕ್ತಿ 37 ಅಶ್ವಶಕ್ತಿಯಷ್ಟಕ್ಕೆ ಇಳಿದರೂ ಟ್ಯಾಕ್ಸಿಯವರು ಅದನ್ನು ಎರಡೂ ಕೈಯಿಂದ ಬಾಚಿಕೊಂಡರು. ಅವರಿಗೆ ಬೇಕಿದ್ದದ್ದು ವೇಗವಲ್ಲ, ಕಿಲೋಮೀಟರಿನ ಖರ್ಚು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರು, 796 ಸಿಸಿ, ಮುಂದಿನ ಚಕ್ರದ ಚಾಲನೆ, ತೂಕ 650 ಕೆಜಿ ಸುತ್ತಮುತ್ತ. ಅಶ್ವಶಕ್ತಿ ಪದ್ಮಿನಿಗಿಂತ ಸ್ವಲ್ಪ ಕಡಿಮೆಯೇ, ಆದರೆ ತೂಕಕ್ಕೆ ಹೋಲಿಸಿದರೆ ಎರಡೂ ಹಿರಿಯರನ್ನು ಮೀರಿಸುವಷ್ಟು. ಹಳೆಯ ಕಂಪನಿಗಳು ಇದಕ್ಕೆ ಕೊಟ್ಟ ಉತ್ತರ ಗಮನಾರ್ಹ. ಹಿಂದುಸ್ತಾನ್ ಮೋಟಾರ್ಸ್ ಕಾಂಟೆಸಾ ತಂದಿತು, ಅದರ ದೇಹ 1970ರ ದಶಕದ ವಾಕ್ಸ್‌ಹಾಲ್ ವಿಕ್ಟರ್. ಪ್ರೀಮಿಯರ್ 118 ಎನ್‌ಇ ತಂದಿತು, ಅದರ ದೇಹ 1966ರ ಫಿಯೆಟ್ 124. ಯುರೋಪಿನಲ್ಲಿ ಮುಗಿದುಹೋದ ಅಚ್ಚನ್ನು ತಂದು ಇಲ್ಲಿ ಕೂರಿಸುವುದನ್ನು ಬಿಟ್ಟು ಬೇರೆ ದಾರಿಯೇ ಅವಕ್ಕೆ ಅಭ್ಯಾಸವಾಗಿರಲಿಲ್ಲ. 1990ರ ದಶಕದಲ್ಲಿ ಅಂಬಾಸಿಡರ್‌ಗೆ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್, ಐದು ಗೇರು ಬಂದು ಅದು ಕಡೆಗೂ ಓಡುವ ಗಾಡಿಯಾಯಿತು. ಅಷ್ಟರಲ್ಲಿ ಗಿರಾಕಿ ಬೇರೆ ಅಂಗಡಿಗೆ ಹೋಗಿಯಾಗಿತ್ತು.

ಯಾವುದು ಗುಜರಿ, ಯಾವುದು ವಿಂಟೇಜ್

2013ರಲ್ಲಿ ಬಿಬಿಸಿಯ ಟಾಪ್ ಗಿಯರ್ ಜಗತ್ತಿನ ಟ್ಯಾಕ್ಸಿಗಳನ್ನು ಪಂದ್ಯಕ್ಕಿಳಿಸಿದಾಗ ಗೆದ್ದದ್ದು ಅಂಬಾಸಿಡರ್. ಮರುವರ್ಷ ಮೇ ತಿಂಗಳಲ್ಲಿ ಉತ್ತರಪಾರಾದ ಕೆಲಸ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಪಾಲಾಯಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ. 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಕೋಲ್ಕತ್ತದಲ್ಲಿ ಮಿತಿ 15 ವರ್ಷ, ಅಲ್ಲಿನ ಹಳದಿ ಅಂಬಾಸಿಡರ್‌ಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು.

ಈ ನಡುವೆ, 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯಕ್ಕೆ ಬಳಸದ, ದೇಹ ಮತ್ತು ಎಂಜಿನ್ ಮೂಲ ಸ್ಥಿತಿಯಲ್ಲೇ ಇರುವ ಗಾಡಿ 'ವಿಂಟೇಜ್'. ಅದಕ್ಕೆ 'ವಿಎ' ಅಕ್ಷರಗಳಿರುವ ಬೇರೆ ನಂಬರು. 1960ರ ದಶಕದ ಅಂಬಾಸಿಡರ್, ಡಿಲೈಟ್‌ಗಳೂ ಡುಕ್ಕರ್ ಫಿಯೆಟ್‌ಗಳೂ ಈಗ ಈ ಗೌರವಕ್ಕೆ ಅರ್ಹ.

ನಿಯಮದ ಮೂರೂ ಷರತ್ತುಗಳನ್ನು ಇನ್ನೊಮ್ಮೆ ನೋಡಬೇಕು. ವಾರಕ್ಕೊಮ್ಮೆ ಹೊರಗೆ ತೆಗೆದು, ಒರೆಸಿ, ಮತ್ತೆ ಗ್ಯಾರೇಜಿನಲ್ಲಿಟ್ಟ ಕಾರು ಪರಂಪರೆಯಾಗುತ್ತದೆ. ಬಾಡಿಗೆಗೆ ಓಡಿ ಮಾಲೀಕನ ಮನೆ ನಡೆಸಿದ್ದು 15ಕ್ಕೋ 20ಕ್ಕೋ ಗುಜರಿಗೆ ಹೋಗುತ್ತದೆ. ಎಂಜಿನ್ ಸೋತಾಗ ಮೆಕ್ಯಾನಿಕ್ಕನ ಕೈಯಲ್ಲಿ ಡೀಸೆಲ್ ಹೃದಯ ಪಡೆದು ಬದುಕಿಕೊಂಡದ್ದು 50 ದಾಟಿದರೂ ಮೂಲ ಸ್ಥಿತಿಯಲ್ಲಿಲ್ಲ, ಅದಕ್ಕೆ 'ವಿಎ' ನಂಬರು ಸಿಗುವುದಿಲ್ಲ. ಅಂದರೆ 40 ಅಶ್ವಶಕ್ತಿಯ ಪದ್ಮಿನಿಯನ್ನೂ 50 ಅಶ್ವಶಕ್ತಿಯ ಅಂಬಾಸಿಡರ್ ಅನ್ನೂ ಅವುಗಳ ಆಯಸ್ಸು ಮೀರಿ ಓಡಿಸಿದ ಚಾಲಕರ ಮತ್ತು ಮೆಕ್ಯಾನಿಕ್ಕುಗಳ ಕೆಲಸಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಈ ಕಾರುಗಳ ಚರಿತ್ರೆಯನ್ನು ಕಾಪಿಡಬೇಕೆಂದು ಯಾವುದಾದರೂ ವಸ್ತುಸಂಗ್ರಹಾಲಯ ಮನಸ್ಸು ಮಾಡಿದರೆ, ಹೊಳೆಯುವ ಒಂದು ಮಾರ್ಕ್ 2 ಮತ್ತು ಒಂದು ಡಿಲೈಟ್ ಪಕ್ಕದಲ್ಲಿ, ಬೇರೆ ಎಂಜಿನ್ ಹೊತ್ತ, ಬಾಗಿಲಿಗೆ ತೇಪೆ ಹಾಕಿದ, ಮೀಟರು ಕಳಚದ ಒಂದು ಟ್ಯಾಕ್ಸಿಯನ್ನೂ ನಿಲ್ಲಿಸುವುದು ಒಳ್ಳೆಯದು.